ಮಲೆನಾಡಿನ ಹಸಿರು ಪ್ರಿಂಟಲ್ಲೂ ಹಸಿರಾಗೇ ಬರತ್ತೆ: ಕ್ರಿಟಾದಲ್ಲಿ ನನ್ನ ಅನುಭವ

ಸ್ಕ್ರೀನ್ ಮೇಲೆ ಹೊಳೀತಿರೋ ಹಸಿರು ಪ್ರಿಂಟ್ ತೆಗೆದ ತಕ್ಷಣ ಬಾಡಿದ ಸೊಪ್ಪಿನ ಥರ ಆಗತ್ತೆ, ಇದು ಡಿಜಿಟಲ್ ಪೇಂಟಿಂಗ್ ಮಾಡೋ ಎಲ್ರಿಗೂ ಗೊತ್ತಿರೋ ಗೋಳು. ಬೇರೆ ಊರಿನೋರು ಹೇಗೋ ಸಂಭಾಳಿಸ್ಬಹುದು, ಆದ್ರೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಚಿತ್ರ ಬರೆಯೋ ನಮಗೆ ಚಿತ್ರದ ಮುಕ್ಕಾಲು ಭಾಗ ಹಸಿರೇ. ಅಗೆ ಸಸಿ (ನಾಟಿಗೆ ಬೆಳೆಸೋ ಎಳೇ ಭತ್ತದ ಸಸಿ) ಹಸಿರು ಬೇರೆ, ಅಡಿಕೆ ಸೋಗೆ ಹಸಿರು ಬೇರೆ, ಪಾಗಾರದ ಮೇಲಿನ ಪಾಚಿ ಬೇರೆ, ಘಟ್ಟದ ಕಾಡಿನ ಕಪ್ಪು ಹಸಿರು ಇನ್ನೂ ಬೇರೆ, ಪ್ರಿಂಟಲ್ಲಿ ಇವೆಲ್ಲ ಸೇರಿ ಒಂದೇ ಮಂಕು ಬಣ್ಣ. ಶಿವಮೊಗ್ಗದಲ್ಲಿ ನಾನು ಪ್ರಿಂಟ್ ಹಾಕ್ಸೋ ಶಾಪಿನ ಆಪರೇಟರ್ ಪ್ರತಿ ಸಲ ಹೇಳ್ತಿದ್ದಿದ್ದು ಒಂದೇ ಮಾತು, "ಅಣ್ಣಾ, ಸ್ಕ್ರೀನ್ ಬಣ್ಣ ಸ್ಕ್ರೀನಿಗೆ, ಪ್ರಿಂಟ್ ಬಣ್ಣ ಪ್ರಿಂಟಿಗೆ, ಯಾರ ಕೈಲೂ ಆಗಲ್ಲ ಇದು." ನನ್ನ ಜೊತೆ ಬೋರ್ಡ್ ಬರೀತಿದ್ದ ಹಳೇ ಗೆಳೆಯರೂ ಅದೇ ಅಂದ್ರು. ಈಗ ಆಗಿದೆ, ಅದಕ್ಕೇ ಬರೀತಿದೀನಿ.

ನನ್ನ ಸಾಮಾನು ಮೊದ್ಲು ಹೇಳ್ಬಿಡ್ತೀನಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇಪ್ಪತ್ತೆರಡು ಸಾವಿರದ ಹತ್ರ ಬಿತ್ತು, ಅದಕ್ಕೆ ರ‍್ಯಾಮು, ಎಸ್ಎಸ್‌ಡಿ ಅಂತ ಮತ್ತೆ ಆರೇಳು ಸಾವಿರ. ಪೆನ್ ಟ್ಯಾಬ್ಲೆಟ್ ಸ್ಕ್ರೀನ್ ಇಲ್ದೇ ಇರೋದು, ನಾಲ್ಕು ಸಾವಿರ ಚಿಲ್ರೆ. ಚಿತ್ರ ಬರೆಯೋ ಸಾಫ್ಟ್‌ವೇರ್ ಕ್ರಿಟಾ, ಫ್ರೀ. ತಿಂಗಳ ಬಾಡಿಗೆ ಕಟ್ಟೋ ಸಾಫ್ಟ್‌ವೇರ್ ಕೂಡ ಒಂದಷ್ಟು ದಿನ ಇಟ್ಕೊಂಡಿದ್ದೆ, ಕೆಲ್ಸ ಇಲ್ದಿರೋ ಮಳೆಗಾಲದ ತಿಂಗಳಲ್ಲೂ ದುಡ್ಡು ಕಟ್ ಆಗೋದು ನೋಡಿ ಬಿಟ್ಟೆ. ಭಾವನ ಮಗನ ಐಪ್ಯಾಡಲ್ಲಿ ಪ್ರೊಕ್ರಿಯೇಟ್ ಅನ್ನೋ ಚಿತ್ರದ ಆ್ಯಪ್ ಕೂಡ ನೋಡಿದೀನಿ, ಕೈಗೆ ಅಷ್ಟು ಹಿತವಾಗಿರೋದು ಇನ್ನೊಂದಿಲ್ಲ, ಒಂದ್ಸಲ ದುಡ್ಡು ಕೊಟ್ರೆ ಮುಗೀತು, ಆದ್ರೆ ಕ್ಯಾನ್ವಾಸ್ ದೊಡ್ಡದಾದ ಹಾಗೆ ಲೇಯರ್ (ಒಂದ್ರ ಮೇಲೊಂದು ಇಡೋ ಚಿತ್ರದ ಪದರ) ಸಂಖ್ಯೆ ಇಳಿದುಬಿಡತ್ತೆ, ಗೋಡೆ ಸೈಜಿನ ಕೆಲ್ಸ ಮಾಡೋನಿಗೆ ಅದು ಕಟ್ಟಿಹಾಕಿದ ಹಾಗೆ.

ಕ್ರಿಟಾನೂ ದೊಡ್ಡ ಸೈಜಲ್ಲಿ ಸಲೀಸಾಗಿ ಓಡಲ್ಲ. ಆರಡಿ ನಾಲ್ಕಡಿ ಚಿತ್ರ 150 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅನ್ನೋ ಲೆಕ್ಕ) ಇಟ್ರೆ 10800 ಇಂಟು 7200 ಪಿಕ್ಸೆಲ್, ಸಿಎಂವೈಕೆಯಲ್ಲಿ (ಸಯಾನ್, ಮಜೆಂಟಾ, ಹಳದಿ, ಬ್ಲ್ಯಾಕ್ ಅನ್ನೋ ನಾಲ್ಕು ಪ್ರಿಂಟ್ ಇಂಕಿನ ಲೆಕ್ಕ) ತುಂಬಿದ ಒಂದು ಲೇಯರ್‌ಗೇ 390 ಎಂಬಿ ಹತ್ರ ತಿನ್ನತ್ತೆ, ಹತ್ತು ಲೇಯರ್ ಆದ್ರೆ ಅದೇ ನಾಲ್ಕು ಜಿಬಿ ಹತ್ರ, ವಿಂಡೋಸ್ ತಿನ್ನೋದು ಬೇರೆ, ನನ್ನ ಎಂಟು ಜಿಬಿ ರ‍್ಯಾಮು ಎಲ್ಲಿಗೆ ಸಾಲತ್ತೆ ಹೇಳಿ. ಬ್ರಷ್ ಎಳೆದ್ರೆ ಗೆರೆ ಆಮೇಲೆ ಬರೋದು. ಇನ್‌ಸ್ಟಂಟ್ ಪ್ರಿವ್ಯೂ (ಗೆರೆಯನ್ನ ಮೊದ್ಲು ಒರಟಾಗಿ ಬೇಗ ತೋರ್ಸೋ ಸೌಲಭ್ಯ) ಆನ್ ಮಾಡ್ಕೊಳ್ಳಿ, ದೊಡ್ಡ ಬ್ರಷ್‌ಗೆ ನಿಜಕ್ಕೂ ಉಪ್ಯೋಗ ಆಗತ್ತೆ. ನಾನಂತೂ ಆಕಾಶ, ಗುಡ್ಡ, ನೆಲ ಎಲ್ಲ 75 ಡಿಪಿಐಯಲ್ಲೇ ಮುಗಿಸಿ, ಲೇಯರ್ ಮರ್ಜ್ ಮಾಡಿ, ಆಮೇಲೆ ಸೈಜ್ ಏರ್ಸಿ ಮುಂದಿನ ಗಿಡ, ಎಲೆ, ಹೆಂಚು ಬರೀತೀನಿ. ಹತ್ತಡಿ ದೂರದಿಂದ ನೋಡೋ ಚಿತ್ರದಲ್ಲಿ ಹಿಂದಿನ ಗುಡ್ಡಕ್ಕೆ 150 ಎಂತಕ್ಕೆ? ಪೆನ್ ಪ್ರೆಶರ್ ಇದ್ದಕ್ಕಿದ್ದ ಹಾಗೆ ಹೋದ್ರೆ ಟ್ಯಾಬ್ಲೆಟ್ ಬಿಸಾಡ್ಬೇಡಿ, ಸೆಟ್ಟಿಂಗ್ಸಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಅಂತ ಎರಡಿವೆ, ಒಂದ್ರಿಂದ ಇನ್ನೊಂದಕ್ಕೆ ಬದ್ಲಾಯಿಸಿ ಕ್ರಿಟಾ ಮುಚ್ಚಿ ತೆಗೀರಿ. ಕರೆಂಟ್ ವಿಷ್ಯ ಹೇಳೋದೇ ಬೇಡ, ಜೂನ್ ಜುಲೈಯಲ್ಲಿ ಆಟೋಸೇವ್ ಟೈಮನ್ನ ಐದು ನಿಮಿಷಕ್ಕೆ ಇಳಿಸ್ಕೊಳ್ಳಿ, ಸೇವ್ ಆಗೋವಾಗ ಒಂಚೂರು ತಡೆಯತ್ತೆ, ತಡೀಲಿ.

ಈಗ ಹಸಿರಿನ ವಿಷ್ಯಕ್ಕೆ ಬರ್ತೀನಿ. ಎಲ್ರೂ ಮಾಡೋ ಹಾಗೆ ಆರ್‌ಜಿಬಿಯಲ್ಲಿ (ಸ್ಕ್ರೀನಿನ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ) ಬರ್ದು ಕೊನೆಗೆ ಸಿಎಂವೈಕೆ ಮಾಡೋದೇ ನಾನೂ ವರ್ಷಗಟ್ಟಲೆ ಮಾಡಿದ್ದು. ಕನ್ವರ್ಟ್ ಮಾಡಿದ ಗಳಿಗೆಯಲ್ಲೇ ಹಸಿರು ಸಾಯತ್ತೆ, ಆಮೇಲೆ ಸ್ಯಾಚುರೇಶನ್ ಏರ್ಸಿದ್ರೆ ನೆರಳು ಸುಟ್ಟುಹೋಗತ್ತೆ. ಸಾಫ್ಟ್ ಪ್ರೂಫಿಂಗ್ (ಪ್ರಿಂಟಲ್ಲಿ ಹೇಗೆ ಬರತ್ತೆ ಅಂತ ಸ್ಕ್ರೀನಲ್ಲೇ ತೋರ್ಸೋದು) ಹಾಕ್ಕೊಂಡು ಬರ್ದೆ, ಕಂಟ್ರೋಲ್ ವೈ, ಅದ್ರ ಜೊತೆ ಶಿಫ್ಟ್ ಒತ್ತಿದ್ರೆ ಗ್ಯಾಮಟ್ ವಾರ್ನಿಂಗ್, ಅಗೆ ಗದ್ದೆ ಬರ್ದಿದ್ ಜಾಗ ಪೂರ್ತಿ ವಾರ್ನಿಂಗ್ ಬಣ್ಣವೇ ತುಂಬ್ಕೊಳ್ತು. ಯಾವ್ದು ಪ್ರಿಂಟ್ ಆಗಲ್ಲ ಅಂತ ಅದು ಹೇಳತ್ತೆ ಅಷ್ಟೇ, ಏನು ಮಾಡ್ಬೇಕು ಅಂತ ಹೇಳಲ್ಲ. ಅದೂ ಅಲ್ದೆ ನಾನು ಹಾಕಿದ್ದ ಪ್ರೊಫೈಲ್ (ಯಾವ ಇಂಕು, ಕಾಗ್ದದಲ್ಲಿ ಬಣ್ಣ ಹೇಗೆ ಬರತ್ತೆ ಅನ್ನೋ ಫೈಲು) ಆಫ್‌ಸೆಟ್ ಪೇಪರಿಂದು, ಶಾಪಲ್ಲಿ ಇರೋದು ಸಾಲ್ವೆಂಟ್ ಇಂಕು, ಫ್ಲೆಕ್ಸು, ಕ್ಯಾನ್ವಾಸು. ಈ ಹಂತದಲ್ಲಿ ಹಾಳಾದ ಪ್ರಿಂಟ್ ದುಡ್ಡೇ ಏಳೆಂಟು ಸಾವಿರ ಆಗಿರ್ಬೇಕು, ಕ್ಯಾನ್ವಾಸ್ ಚದರಡಿಗೆ ನೂರರ ಮೇಲೆ ಕೊಡ್ತಿದ್ದೆ. ಒಂದು ಮದುವೆ ಮನೆ ಕೆಲ್ಸದ ಪೂರ್ತಿ ಸಂಪಾದ್ನೆ ಇದಕ್ಕೇ ಹೋಯ್ತು.

ಆಮೇಲೆ ಮಾಡಿದ್ದು ಇದು. ಸ್ಕ್ರೀನನ್ನ ನಂಬೋದೇ ಬಿಟ್ಟೆ. ಸಿಎಂವೈಕೆ ಫೈಲಲ್ಲಿ ಸಣ್ಣ ಸಣ್ಣ ಚೌಕ ಮಾಡಿ, ಹಳದಿ ನೂರರಲ್ಲೇ ಇಟ್ಟು ಸಯಾನ್ ಹತ್ತು ಹತ್ತು ಏರಿಸ್ಕೊಂಡು ಹೋಗಿ, ಕೆಳಗಿನ ಸಾಲಲ್ಲಿ ಅದಕ್ಕೇ ಮಜೆಂಟಾ ಐದು ಐದು ಸೇರಿಸ್ತಾ, ಇನ್ನೊಂದು ಸಾಲಲ್ಲಿ ಬ್ಲ್ಯಾಕ್, ಹೀಗೆ ಒಂದು ಚಾರ್ಟ್. ಪ್ರತಿ ಚೌಕದ ಕೆಳಗೆ ನಂಬರ್. ಅದೇ ಶಾಪು, ಅದೇ ಮಿಷಿನ್ನು, ಅದೇ ಕ್ಯಾನ್ವಾಸ್ ರೋಲು, ಅದೇ ಪ್ರಿಂಟ್ ಸೆಟ್ಟಿಂಗ್. ಸೆಟ್ಟಿಂಗಿನ ಹೆಸರು ಕೂಡ ಬರ್ಕೊಂಡು ಬಂದೆ, ಆಪರೇಟರಿಗೆ ಸ್ವಲ್ಪ ಬೇಜಾರೂ ಆಯ್ತು. ಪ್ರಿಂಟ್ ತಂದು ಜಗಲಿಯಲ್ಲಿ ಹಗಲು ಬೆಳಕಲ್ಲಿ ಇಟ್ಟು ನೋಡ್ದೆ, ಟ್ಯೂಬ್‌ಲೈಟಲ್ಲಿ ನೋಡೋಕೆ ಹೋಗ್ಬೇಡಿ. ಚೆನ್ನಾಗಿ ಬಂದ ಚೌಕಗಳನ್ನ ಮಾತ್ರ ಕ್ರಿಟಾದ ಪ್ಯಾಲೆಟ್ಟಲ್ಲಿ ಅದೇ ನಂಬರ್ ಹೆಸರಲ್ಲಿ ಹಾಕ್ಕೊಂಡೆ, ಮೂವತ್ತರ ಆಸುಪಾಸು ಇರ್ಬಹುದು. ಅವತ್ತಿಂದ ಮೊದಲ ಗೆರೆಯಿಂದಲೇ ಸಿಎಂವೈಕೆ ಫೈಲು, ಮತ್ತೆ ಬಣ್ಣ ಆರಿಸೋದು ಟೇಬಲ್ ಮೇಲಿರೋ ಕ್ಯಾನ್ವಾಸ್ ತುಂಡು ನೋಡಿ. ಸ್ಕ್ರೀನಲ್ಲಿ ಅದು ಮಂಕಾಗಿ ಕಾಣ್ಲಿ, ತಲೆ ಕೆಡಿಸ್ಕೊಳ್ಳಲ್ಲ. ಒಂದು ಎಚ್ಚರ, ಬ್ಲೆಂಡಿಂಗ್ ಮೋಡ್‌ಗಳು (ಒಂದು ಬಣ್ಣ ಕೆಳಗಿನ ಬಣ್ಣದ ಜೊತೆ ಬೆರೆಯೋ ರೀತಿ) ಸಿಎಂವೈಕೆಯಲ್ಲಿ ಯಾವಾಗ್ಲೂ ಆರ್‌ಜಿಬಿ ಥರಾನೇ ನಡ್ಕೊಳ್ಳಲ್ಲ, ಮಲ್ಟಿಪ್ಲೈ ಹಾಕಿ ನೆರಳು ಬರೆಯೋ ಅಭ್ಯಾಸ ಇದ್ರೆ ಬಿಡ್ಬೇಕಾಗತ್ತೆ, ನೆರಳಿನ ಬಣ್ಣಾನೂ ಚಾರ್ಟಿಂದಲೇ ತಗೊಂಡು ಸೀದಾ ಬರೀರಿ.

ಚಾರ್ಟ್ ಹೇಳ್ಕೊಟ್ಟ ದೊಡ್ಡ ವಿಷ್ಯ, ಹಸಿರನ್ನ ಕೆಡಿಸ್ತಿದ್ದಿದ್ದು ಬ್ಲ್ಯಾಕು. ಗಾಢ ಹಸಿರಿಗೆ ಬ್ಲ್ಯಾಕ್ ಹಾಕಿದ್ರೆ ಕೊಳೆ ಥರ ಕಾಣತ್ತೆ, ಅದ್ರ ಬದ್ಲು ಮಜೆಂಟಾ ಸ್ವಲ್ಪ ಸೇರಿದ್ರೆ ಕಾಡಿನ ಹಸಿರು ಬರತ್ತೆ. ಎಷ್ಟು ಅಂತ ಕೇಳ್ಬೇಡಿ, ಅದಕ್ಕೆ ನಾನು ದುಡ್ಡು ಸುರಿದಿದೀನಿ, ನಿಮ್ಮ ಮಿಷಿನ್‌ಗೆ ನಿಮ್ಮ ಲೆಕ್ಕ ಬೇರೇನೇ ಇರತ್ತೆ. ನಾಲ್ಕೂ ಇಂಕಿನ ಪರ್ಸೆಂಟ್ ಕೂಡಿದ್ರೆ 280 ದಾಟದ ಹಾಗೆ ನೋಡ್ಕೊಳ್ಳಿ, ಮಳೆಗಾಲದಲ್ಲಿ ಅದಕ್ಕಿಂತಲೂ ಕಮ್ಮಿ, ಯಾಕಂದ್ರೆ ಆ ಥಂಡಿಗೆ ಇಂಕ್ ಬೇಗ ಒಣಗಲ್ಲ, ಸುತ್ತಿಟ್ಟ ಕ್ಯಾನ್ವಾಸ್ ಒಂದಕ್ಕೊಂದು ಅಂಟಿ ಕಾಡಿನ ಭಾಗ ಎದ್ದು ಬಂದಿದ್ದು ನಂಗೆ ಆಗಿದೆ.

ಅಗೆ ಸಸಿ ಹಸಿರು ಮಾತ್ರ ಯಾವ ಚೌಕದಲ್ಲೂ ಸಿಗ್ಲಿಲ್ಲ. ನಾಲ್ಕು ಇಂಕಲ್ಲಿ ಆ ಬೆಳಕು ಇಲ್ಲವೇ ಇಲ್ಲ. ಅದಕ್ಕೆ ದಾರಿ ಸಾಫ್ಟ್‌ವೇರಲ್ಲಿ ಇಲ್ಲ, ಚಿತ್ರದಲ್ಲೇ ಇದೆ. ಗದ್ದೆಗೆ ಸಿಗೋದ್ರಲ್ಲೇ ಚುರುಕಾದ ಹಸಿರು ಕೊಟ್ಟು, ಸುತ್ತ ಇರೋದನ್ನೆಲ್ಲ ಇಳಿಸ್ಬೇಕು. ಮೋಡಕ್ಕೆ ನೇರಳೆ ಕಡೆ ವಾಲೋ ಬೂದಿ, ಬದುವಿಗೆ ಕೆಮ್ಮಣ್ಣು, ಹಿಂದಿನ ಕೊಡಚಾದ್ರಿ ಪೂರ್ತಿ ಮಂಜಲ್ಲಿ. ಆಗ ಅದೇ ಸಾಧಾರಣ ಹಸಿರು ಎದ್ದು ನಿಲ್ಲತ್ತೆ. ತೀರ್ಥಹಳ್ಳಿ ಕಡೆ ಒಂದು ಹೋಮ್‌ಸ್ಟೇಗೆ ಆರಡಿ ನಾಲ್ಕಡಿದು ಹೀಗೆ ಮಾಡಿ ಕೊಟ್ಟೆ, ಹದಿನೆಂಟು ಸಾವಿರ ಕೊಟ್ರು, ಅದೇ ಆಪರೇಟರ್ ಪ್ರಿಂಟ್ ಮಿಷಿನಿಂದ ಇಳೀತಿರೋವಾಗ ಬೇರೆ ಕೆಲ್ಸ ಬಿಟ್ಟು ಬಂದು ನಿಂತು ನೋಡಿದ. ಈಗ ಅವನೇ ಗಿರಾಕಿಗಳನ್ನ ಕಳಿಸ್ತಾನೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡ್ದೆ. ಸಾಗರದ ಹತ್ರ ನಮ್ಮ ಚಿಕ್ಕಮ್ಮ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರೆ, ಪುಂಡಿ ನಾರಿನ ಬ್ರಷ್ಷು, ಅಕ್ಕಿ ಹಿಟ್ಟಿನ ಬಿಳಿ. ಅವ್ರ ಗೆರೆ ಸ್ಕ್ಯಾನ್ ಮಾಡಿ ಬ್ರಷ್ ಟಿಪ್ ಮಾಡ್ಕೊಂಡು, ಮಲ್ಟಿಬ್ರಷ್ಷಲ್ಲಿ ಎರಡೂ ಕಡೆ ಒಟ್ಟಿಗೇ ಬರ್ದೆ, ಅಂಚಿನ ಪಟ್ಟಿಗೆ ಡಬ್ಲ್ಯೂ ಒತ್ತಿ ರ‍್ಯಾಪ್ ಅರೌಂಡ್ (ಒಂದೇ ವಿನ್ಯಾಸ ಸುತ್ತಲೂ ತಾನೇ ಮರುಕಳಿಸೋದು). ಅರ್ಧ ಗಂಟೇಲಿ ಮುಗೀತು. ಚಿಕ್ಕಮ್ಮ ನೋಡಿ "ಗೆರೆಯೆಲ್ಲ ಒಂದೇ ಥರ ಇದ್ಯಲ್ಲೋ, ಕೈ ಎಲ್ಲಿ ಹೋಯ್ತು?" ಅಂದ್ರು. ನಿಜ ಅದು. ಸ್ಟೆಬಿಲೈಸರ್ (ಕೈ ನಡುಕ ಸರಿ ಮಾಡೋದು) ತೆಗೆದು, ಸಿಮ್ಮೆಟ್ರಿ ತೆಗೆದು, ಒಂದೊಂದೇ ಗೆರೆ ಕೈಯಲ್ಲಿ ಎಳೆದೆ, ಒಂದು ವಾರ ಹಿಡೀತು, ಆಗ ಒಪ್ಪಿದ್ರು. ಕೆಂಪು ಬಿಳಿ ಪ್ರಿಂಟಲ್ಲಿ ಏನೂ ತಕರಾರಿಲ್ದೆ ಬರತ್ತೆ, ಆದ್ರೆ ಆ ಬ್ರಷ್ ಫೈಲ್ ಯಾರಿಗೂ ಕೊಡಲ್ಲ, ಅದು ಅವ್ರ ಕೈ.

ಕನ್ನಡ ಅಕ್ಷರ ಮಾತ್ರ ಕ್ರಿಟಾದಲ್ಲಿ ಹಾಕೋದು ಬೇಡ. ಇಂಕ್‌ಸ್ಕೇಪ್ ಅನ್ನೋ ಸಾಫ್ಟ್‌ವೇರಲ್ಲಿ ಯೂನಿಕೋಡಲ್ಲಿ ಟೈಪ್ ಮಾಡಿ, ಆಬ್ಜೆಕ್ಟ್ ಟು ಪಾತ್ ಮಾಡಿ (ಅಕ್ಷರವನ್ನ ಬರೀ ಆಕಾರ ಮಾಡಿ) ಕೊಡಿ, ಇಲ್ದಿದ್ರೆ ಶಾಪಲ್ಲಿ ಫಾಂಟ್ ಇರಲ್ಲ, ಒತ್ತಕ್ಷರ ಬಿಟ್ಕೊಂಡು ಹೆಸ್ರೇ ಬದ್ಲಾಗತ್ತೆ. ಮದುವೆ ಕಾಗ್ದ ಆಫ್‌ಸೆಟ್ಟಿಗೆ ಹೋಗೋದಾದ್ರೆ ಅಕ್ಷರಕ್ಕೆ ಬ್ಲ್ಯಾಕ್ ನೂರು ಮಾತ್ರ, ನಾಲ್ಕು ಬಣ್ಣ ಸೇರಿದ ಕಪ್ಪು ಕೊಟ್ರೆ ಸಣ್ಣ ಅಕ್ಷರದ ಅಂಚಲ್ಲಿ ಬಣ್ಣ ಹಣಕ್ತದೆ.

ಚಾರ್ಟ್ ಒಂದ್ಸಲ ಮಾಡಿದ್ರೆ ಜನ್ಮಕ್ಕೆ ಆಯ್ತು ಅಂದ್ಕೊಳ್ಬೇಡಿ. ಶಾಪಿನವ್ರು ಇಂಕ್ ಕಂಪನಿ ಬದ್ಲಾಯಿಸಿದ್ರೆ, ಮಿಷಿನಿನ ಪ್ರಿಂಟ್ ಹೆಡ್ ಬದ್ಲಾಯಿಸಿದ್ರೆ, ಕ್ಯಾನ್ವಾಸ್ ಬೇರೆ ರೋಲ್ ಬಂದ್ರೆ ಮತ್ತೆ ತೆಗೀಬೇಕು. ಎರಡು ಚದರಡಿ ತುಂಡಲ್ಲಿ ಮುಗಿಯತ್ತೆ, ಇನ್ನೂರು ಇನ್ನೂರೈವತ್ತು ಖರ್ಚು, ನಾನು ಅದನ್ನ ಗಿರಾಕಿ ಬಿಲ್ಲಲ್ಲೇ ಸೇರಿಸ್ತೀನಿ.