ಕಾಡೊಳಗಿನ ಒಂಟಿ ಮನೆಗಳಿಗೆ ಗುರುಗಳ ಭೇಟಿ: ಒಂದು ರಾತ್ರಿಯ ತಯಾರಿ

ಕಳಸ, ಸಂಸೆ, ಕೊಪ್ಪ, ಶೃಂಗೇರಿ ಕಡೆ ಕಾಡೊಳಗಿನ ಊರು ಅಂದರೆ ಒತ್ತಾಗಿ ಕಟ್ಟಿದ ಮನೆಗಳಲ್ಲ. ಗುಡ್ಡದ ಬುಡದಲ್ಲೊಂದು ಮನೆ, ಹಳ್ಳ ದಾಟಿದ ಮೇಲೆ ಇನ್ನೊಂದು. ಇಲ್ಲಿನ ಬುಡಕಟ್ಟಿನವರಾದ ಮಲೆಕುಡಿಯರ ಮನೆಗಳ ಆಸುಪಾಸಿನಲ್ಲೇ ತೋಟದ ಕೆಲಸಕ್ಕೆ ಬಂದು ನೆಲೆನಿಂತ ಕ್ರೈಸ್ತ ಕುಟುಂಬಗಳೂ ಸಿಗುತ್ತವೆ. ಚರ್ಚಿನ ಗುರುವಾಗಿ ನಾನು ಭೇಟಿ ಕೊಡುವುದು ಈ ಕುಟುಂಬಗಳಿಗೆ. ಬೆಳಿಗ್ಗೆ ಹತ್ತಿ, ಬಲಿಪೂಜೆ ಮುಗಿಸಿ, ಸಂಜೆಗೆ ಇಳಿಯುವ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಹಗಲು ಮನೆಯಲ್ಲಿ ಮುದುಕರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಅದಕ್ಕೇ ನಾನು ಹೋಗುವುದು ರಾತ್ರಿ ಉಳಿಯಲಿಕ್ಕೆ. ಮಧ್ಯಾಹ್ನ ಹೊರಟು ಐದರೊಳಗೆ ಮನೆ ಮುಟ್ಟಬೇಕು. ಮಬ್ಬಾದ ಮೇಲೆ ಆನೆ, ಕಾಟಿ (ಕಾಡುಕೋಣ) ಓಡಾಡುವ ಹೊತ್ತು. ಸಂತೆಯ ದಿನ ಹೋಗಬಾರದು, ಆವತ್ತು ಊರಿನವರೆಲ್ಲ ಕೆಳಗಿರುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಯಿಲೆಯವರು ಕರೆದರೆ ಮಾತ್ರ. ಆಗಲೂ ಹಳ್ಳವೇ ತೀರ್ಮಾನ ಮಾಡುತ್ತದೆ. ನೀರು ಕೆಂಪಾಗಿ, ಕಸಕಡ್ಡಿ ತೇಲಿ ಬರುತ್ತಿದ್ದರೆ ಮೇಲೆಲ್ಲೋ ಮಳೆ ಹೊಡೆಯುತ್ತಿದೆ ಎಂದರ್ಥ. ನೀರಿನ ಅಂಚಿಗೆ ಒಂದು ಕೋಲು ನೆಟ್ಟು ಕಾಲು ಗಂಟೆ ನೋಡಿ. ನೀರು ಕೋಲು ದಾಟಿದರೆ ಹಿಂತಿರುಗಿ. ಇಳಿಯುತ್ತಿದ್ದರೂ ಮೊಣಕಾಲಿನ ಮೇಲಿದ್ದರೆ ಕಾಲಿಡಬೇಡಿ. ದಾಟುವಾಗ ಚೀಲದ ಸೊಂಟದ ಪಟ್ಟಿ ಬಿಚ್ಚಿರಬೇಕು, ಜಾರಿದರೆ ಚೀಲವನ್ನು ಬಿಟ್ಟು ಏಳಬಹುದು. ಗಂಬೂಟಿನೊಳಗೆ ನೀರು ತುಂಬಿದರೆ ಕಾಲು ಎತ್ತಲಾಗದು, ಹಾಗಾಗಿ ಪಟ್ಟಿ ಇರುವ ಚಪ್ಪಲಿ ಅಥವಾ ಕ್ಯಾನ್ವಾಸ್ ಶೂ ಒಳ್ಳೆಯದು. ಅಡಿಕೆ ಮರದ ಕಾಲುಸಂಕಕ್ಕೆ ಪಾಚಿ ಹಿಡಿದಿದ್ದರೆ ಬೂದಿ ಎರಚಿ ದಾಟಬೇಕು.

ಪೂಜೆಯ ಸಾಮಾನಿಗೆ ಮಲೆನಾಡಿನ ತೇವವೇ ಶತ್ರು. ಪೂಜೆಗೆ ಬಳಸುವ ತೆಳು ರೊಟ್ಟಿ, ಅಂದರೆ ಅಪ್ಪಗಳು, ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ತಿರುಪು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಜೊತೆಗಿಟ್ಟರೆ ಗರಿಯಾಗಿ ಉಳಿಯುತ್ತವೆ. ದ್ರಾಕ್ಷಾರಸ 50 ಮಿಲಿ ಬಾಟಲಿಯಲ್ಲಿ ಸಾಕು. ಪೀಠವಸ್ತ್ರ, ಬೆಂಕಿಪೊಟ್ಟಣ, ಮೇಣದಬತ್ತಿ ಎರಡು ಪ್ಲಾಸ್ಟಿಕ್ ಕವರಿನೊಳಗೆ. ಕಾಯಿಲೆಯವರಿಗೆ ಒಯ್ಯುವ ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ಅಪ್ಪದ) ಪುಟ್ಟ ಡಬ್ಬಿ ಮಾತ್ರ ಚೀಲದಲ್ಲಲ್ಲ, ಕೊರಳಲ್ಲಿ.

ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಲ. ಇದರ ಬಗ್ಗೆ ಯಾರೂ ಹಗುರವಾಗಿ ಇರಬಾರದು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು, ಈಗ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡುಗಳಲ್ಲೂ ಇದೆ. ಹೊರಡುವ ಮುಂಚೆ ಆಶಾ ಕಾರ್ಯಕರ್ತೆ ಹತ್ತಿರ ಉಣುಗು ತಡೆಯುವ ಡೀಪಾ ಎಣ್ಣೆ ಕೇಳಿ ಪಡೆದು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಇರಲಿ. ತರಗೆಲೆ ಮೇಲೆ ಕೂರಬೇಡಿ. ಮನೆ ಮುಟ್ಟಿದ ತಕ್ಷಣ ಬಿಸಿನೀರು, ಸೋಪಿನಲ್ಲಿ ಮೈ ತೊಳೆದು, ಕಂಕುಳು, ತೊಡೆಸಂದು ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಚಿಮಟದಲ್ಲಿ ಚರ್ಮದ ಮಟ್ಟಕ್ಕೇ ಹಿಡಿದು ನೇರಕ್ಕೆ ಎಳೆಯಿರಿ, ಉಗುರಿನಲ್ಲಿ ಹಿಸುಕಬಾರದು. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ತಲೆನೋವಿನ ಜೊತೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇಂಬಳಕ್ಕೆ (ಜಿಗಣೆಗೆ) ಇಷ್ಟು ಚಿಂತೆ ಬೇಡ. ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆ ತಾಗಿಸಿದರೆ ಉದುರುತ್ತದೆ. ರಕ್ತ ನಿಲ್ಲಲು ಹೊತ್ತು ಹಿಡಿಯುತ್ತದೆ, ಒತ್ತಿ ಹಿಡಿದರಾಯಿತು.

ಮನೆಯವರಿಗೆ ನಾವು ಹೊರೆಯಾಗಬಾರದು. ಇಬ್ಬರು ಹೋದರೆ ಒಂದು ಸೇರು ಅಕ್ಕಿ, ಕಾಲು ಕೆಜಿ ಬೇಳೆ, ಬೆಲ್ಲ, ಕಾಫಿಪುಡಿ. "ಅಕ್ಕ, ಇದನ್ನೂ ಸೇರಿಸಿ ಬೇಯಿಸಿಬಿಡಿ" ಎಂದು ಒಲೆಯ ಹತ್ತಿರ ಕೊಡುವುದು, ಜಗಲಿಯಲ್ಲಿ ಎಲ್ಲರೆದುರು ಅಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಊಟವಾದ ಮೇಲೆ ಸುಲಿಯಲು ಕೂರುತ್ತಾರೆ. ಮೆಟ್ಟುಗತ್ತಿ ಹಿಡಿಯಲು ಬಾರದಿದ್ದರೂ ಸುಲಿದದ್ದನ್ನು ಬುಟ್ಟಿಗೆ ತುಂಬಬಹುದು. ಮನೆಯ ನಿಜವಾದ ಕಷ್ಟ ಹೊರಬರುವುದು ಆ ಹೊತ್ತಿನಲ್ಲೇ, ಪೂಜೆಯ ನಂತರದ ಔಪಚಾರಿಕ ಮಾತಿನಲ್ಲಲ್ಲ. ಪೂಜೆಯನ್ನು ನಾನು ಬೆಳಗಿನ ಆರಕ್ಕೆ, ಕೆಲಸಕ್ಕೆ ಹೊರಡುವ ಮುಂಚೆ ಇಟ್ಟುಕೊಳ್ಳುತ್ತೇನೆ.

ನೆರೆಯ ಮಲೆಕುಡಿಯರ ಮನೆಗೂ ಹೋಗುತ್ತೇನೆ. ದೈವದ ಕಟ್ಟೆಯ ಹತ್ತಿರ ಚಪ್ಪಲಿ ಬಿಡಬೇಕು, ಕೇಳದೆ ಫೋಟೊ ತೆಗೆಯಬಾರದು. ಓಆರ್‌ಎಸ್ ಪೊಟ್ಟಣ, ಗಾಯದ ಪಟ್ಟಿ ಎಲ್ಲರಿಗೂ ಒಂದೇ ರೀತಿ. ಔಷಧಿ ಕೊಟ್ಟ ಕೈಯಲ್ಲೇ ಪ್ರಾರ್ಥನೆ ಪುಸ್ತಕ ಚಾಚುವುದು ತಪ್ಪು. ಕಷ್ಟದಲ್ಲಿರುವವರಿಗೆ ಬೇಡವೆನ್ನುವ ಸ್ವಾತಂತ್ರ್ಯ ಅಲ್ಲಿ ಉಳಿಯುವುದಿಲ್ಲ.

ಹಾವು ಕಚ್ಚಿದವರನ್ನು ನಡೆಸಬಾರದು, ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಎರಡು ಬಿದಿರಿಗೆ ಕಂಬಳಿ ಕಟ್ಟಿ, ಕಚ್ಚಿದ ಕಾಲು ಅಲುಗದಂತೆ ಮಲಗಿಸಿ ಹೊತ್ತು ತರಬೇಕು. ನೆಟ್‌ವರ್ಕ್ ಸಿಗುವ ದಿಣ್ಣೆ ಯಾವುದು, ಜೀಪು ಎಲ್ಲಿವರೆಗೆ ಬರುತ್ತದೆ ಎಂಬುದನ್ನು ಹತ್ತುವಾಗಲೇ ಕೇಳಿ ಬರೆದಿಟ್ಟುಕೊಂಡಿರಬೇಕು.

ಚೀಲದಲ್ಲಿ ಬಿಳಿ ಹಾಳೆ, ಪೆನ್ನೂ ಇರಲಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ತಾವಿರುವ ಕಾಡಿನ ಜಾಗದ ಹಕ್ಕಿಗೆ ಅರ್ಜಿ ಹಾಕುವ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿದ್ದುದನ್ನು ತೋರಿಸಬೇಕು, ಉಳಿದವರು ಆ ದಿನಕ್ಕೂ ಹಿಂದಿನ 75 ವರ್ಷದ ವಾಸವನ್ನು. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರಹದಲ್ಲಿದ್ದರೆ ಅದೂ ಒಂದು ಸಾಕ್ಷ್ಯ. ಅಜ್ಜ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ, ಹಾಳೆಯನ್ನು ಆ ಮನೆಯವರ ಕೈಗೇ ಕೊಟ್ಟು ಇಳಿಯುತ್ತೇನೆ. ಅರಣ್ಯ ಹಕ್ಕು ಸಮಿತಿಗೆ ಕೊಡಬೇಕಾದವರು ಅವರೇ.