ಉಪ್ಪುಗಾಳಿಯ ಊರಲ್ಲಿ ಮನೆ ಕಟ್ಟುವುದು ಹೇಗೆ?

ಸುರತ್ಕಲ್, ತೊಕ್ಕೊಟ್ಟು, ಕಾಪು, ಮಲ್ಪೆ ಕಡೆ ಐದೋ ಆರೋ ಸೆಂಟ್ಸ್ ಜಾಗ ಕೈಗೆ ಬಂದ ಕೂಡಲೇ ಮನೆಯವರೆಲ್ಲ ಸೇರಿ ಮಾಡುವ ಮೊದಲ ಕೆಲಸ ಎಲಿವೇಷನ್ ಚಿತ್ರ ಹುಡುಕುವುದು. ಎದುರಿಗೆ ಗಾಜು, ಬದಿಯಲ್ಲಿ ಕಲ್ಲಿನ ಕ್ಲಾಡಿಂಗ್, ಮೇಲೆ ಸ್ಟೀಲ್ ರೇಲಿಂಗ್. ಚಂದ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಮನೆ ಎಷ್ಟು ವರ್ಷ ಬಾಳುತ್ತದೆ ಎಂದು ತೀರ್ಮಾನಿಸುವುದು ನೀರು. ಮಳೆ ನೀರು, ಗಾಳಿಯಲ್ಲಿ ಬರುವ ಉಪ್ಪು ನೀರು, ಬಾವಿ ನೀರು, ಟಾಯ್ಲೆಟ್ ಗುಂಡಿಯ ನೀರು. ದುಡ್ಡು ಮೊದಲು ಅಲ್ಲಿಗೆ ಹೋಗಲಿ, ಉಳಿದರೆ ಗಾಜಿಗೆ.

ಮೊದಲು ಕಾಗದ

ಅಡ್ವಾನ್ಸ್ ಕೊಡುವ ಮೊದಲೇ ಜಾಗದ ಆರ್‌ಟಿಸಿ, ಹಿಂದಿನ ಕ್ರಯಪತ್ರಗಳು, ಋಣಭಾರ ಪತ್ರ, ಸರ್ವೆ ಸ್ಕೆಚ್ ತೆಗೆಸಿ ಒಬ್ಬ ವಕೀಲರಿಗೆ ತೋರಿಸಿ. ಇದು ಎಲ್ಲ ಊರಿಗೂ ಅನ್ವಯಿಸುವ ಮಾತು. ನಮ್ಮ ಕಡೆಗೆ ಮಾತ್ರ ಸೇರುವ ಎರಡು ವಿಷಯ ಬೇರೆ ಇವೆ.

ಒಂದು, ಕುಮ್ಕಿ. ವರ್ಗ (ಪಟ್ಟಾ) ಜಾಗದ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಸವಲತ್ತು ವರ್ಗದಾರರಿಗೆ ಇದೆ. ಅದು ಒಡೆತನ ಅಲ್ಲ. ಕಂಪೌಂಡ್ ಒಳಗೆ ಹತ್ತು ಸೆಂಟ್ಸ್ ಕಂಡರೂ ಆರ್‌ಟಿಸಿಯಲ್ಲಿ ಆರೇ ಇದ್ದರೆ ಉಳಿದ ನಾಲ್ಕು ನಿಮ್ಮದಾಗುವುದಿಲ್ಲ. ಎರಡು, ಮೂಲಗೇಣಿ, ಅಂದರೆ ಕಾಯಂ ಗೇಣಿ. ಮಂಗಳೂರಿನ ಹಳೇ ಜಾಗಗಳಲ್ಲಿ ಇದು ಈಗಲೂ ಸಿಗುತ್ತದೆ. ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆ 2011ರಲ್ಲಿ ಆಗಿದೆ. ಆದರೂ ನೀವು ಕೊಳ್ಳುವ ಜಾಗದ ಹಕ್ಕು ಯಾರ ಹೆಸರಲ್ಲಿದೆ ಎಂದು ಬಿಡಿಸಿ ಕೇಳಿಕೊಳ್ಳಿ.

ಆಮೇಲೆ ಕನ್ವರ್ಷನ್. ಕೃಷಿ ಜಾಗ ವಾಸದ ಉದ್ದೇಶಕ್ಕೆ ಪರಿವರ್ತನೆ ಆಗಿರಬೇಕು. ದೊಡ್ಡ ಲೇಔಟಿನ ಸೈಟ್ ಅಲ್ಲದಿದ್ದರೆ ನಗರಾಭಿವೃದ್ಧಿ ಪ್ರಾಧಿಕಾರದ ಏಕನಿವೇಶನ (ಸಿಂಗಲ್ ಸೈಟ್) ಅನುಮೋದನೆಯೂ ಬೇಕು. ಮಂಗಳೂರಿನವರಿಗೆ ಮುಡಾ, ಉಡುಪಿಯವರಿಗೆ ಅಲ್ಲಿನ ಪ್ರಾಧಿಕಾರ. ಕೊನೆಗೆ ಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯತಿನ ಇ-ಖಾತೆ. ಊರು ಪುರಸಭೆ ಆಗುವ ಮೊದಲು ಗ್ರಾಮ ಪಂಚಾಯತ್ ಆಗಿದ್ದರೆ ಹಳೇ 9/11 ಕಾಗದ (ಪಂಚಾಯತಿನ ನಮೂನೆ 9 ಮತ್ತು 11) ಇರುತ್ತದೆ. ಅದನ್ನು ಎಸೆಯಬೇಡಿ, ಖಾತೆ ಮಾಡಿಸುವಾಗ ಕೇಳುತ್ತಾರೆ.

ದಾರಿಯ ವಿಷಯ ಮರೆಯಬೇಡಿ. ನಮ್ಮಲ್ಲಿ ಅರ್ಧಕ್ಕರ್ಧ ಮನೆಗಳಿಗೆ ದಾರಿ ಇರುವುದು ಪಕ್ಕದವರ ಜಾಗದಲ್ಲಿ. "ನಾವೆಲ್ಲ ಒಂದೇ ಅಲ್ವಾ, ಹೋಗಿ ಬನ್ನಿ" ಎಂದು ಈಗಿನವರು ಹೇಳಬಹುದು, ಅವರ ಮಕ್ಕಳು ಬೇಲಿ ಹಾಕಬಹುದು. ಎಷ್ಟು ಅಡಿ ಅಗಲದ ದಾರಿ, ವಾಹನ ಹೋಗಬಹುದೇ ಎಂಬುದು ಕ್ರಯಪತ್ರದಲ್ಲೇ ಬರಲಿ. ಕಲ್ಲಿನ ಲಾರಿ, ಕಾಂಕ್ರೀಟ್ ಗಾಡಿ ಒಳಗೆ ಬಾರದಿದ್ದರೆ ಪ್ರತಿ ಲೋಡಿಗೂ ತಲೆಹೊರೆ ಕೂಲಿ ಬೇರೆ ಬೀಳುತ್ತದೆ.

ಸಿಆರ್‌ಝಡ್ ಕಡಲಿಗೆ ಮಾತ್ರ ಅಲ್ಲ

"ನಮ್ಮ ಜಾಗದಿಂದ ಕಡಲು ಕಾಣುವುದೇ ಇಲ್ಲ" ಎಂದು ಸುಮ್ಮನೆ ಕೂರಬೇಡಿ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮ ಉಬ್ಬರದ ನೀರು ಏರುವ ಹೊಳೆಗಳಿಗೂ ಇದೆ. ನೇತ್ರಾವತಿ, ಗುರುಪುರ ಹೊಳೆ, ಶಾಂಭವಿ, ಸ್ವರ್ಣಾ, ಸೀತಾ, ಉದ್ಯಾವರ ಹೊಳೆ, ಯಾವುದೂ ಹೊರತಲ್ಲ. ಕಡು ಬೇಸಿಗೆಯಲ್ಲಿ ಲೀಟರ್ ನೀರಿಗೆ 5 ಗ್ರಾಂ ಉಪ್ಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೆ ಉಬ್ಬರದ ಪ್ರಭಾವ ಎಂಬುದು ಲೆಕ್ಕ. ಅಳಿವೆಯಿಂದ ಕಿಲೋಮೀಟರ್‌ಗಟ್ಟಲೆ ಒಳಗಿರುವ ತೋಟದ ಬದಿಯ ಜಾಗವೂ ಇದರಲ್ಲಿ ಬರಬಹುದು.

2019ರ ಅಧಿಸೂಚನೆ ಪ್ರಕಾರ ಗ್ರಾಮೀಣ ಕಡಲ ತೀರದಲ್ಲಿ ಜನಸಂಖ್ಯೆ ಕಡಿಮೆ ಇದ್ದರೆ ಉಬ್ಬರದ ಗೆರೆಯಿಂದ 200 ಮೀಟರ್, ಜನ ಜಾಸ್ತಿ ಇದ್ದರೆ 50 ಮೀಟರ್ ನಿಷೇಧಿತ ವಲಯ. ನಗರಪ್ರದೇಶದ ವಲಯದಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ಸಾಲಿನಿಂದ ಭೂಮಿಯ ಬದಿಗೆ ಮಾತ್ರ ಅವಕಾಶ. ಸ್ವಂತ ವಾಸದ 300 ಚದರ ಮೀಟರ್ ಒಳಗಿನ ಮನೆಗೆ ಸ್ಥಳೀಯ ಸಂಸ್ಥೆಯೇ ಸಿಆರ್‌ಝಡ್ ನಿಯಮ ನೋಡಿ ಅನುಮತಿ ಕೊಡಬಹುದು. ನಿಮ್ಮ ಸರ್ವೆ ನಂಬರ್ ನಕ್ಷೆಯಲ್ಲಿ ಯಾವ ವಲಯದಲ್ಲಿದೆ ಎಂದು ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ವಿಚಾರಿಸಿ. ಬ್ರೋಕರ್ ಬಾಯಿಮಾತು ಇಲ್ಲಿ ನಡೆಯುವುದಿಲ್ಲ.

ಬಜ್ಪೆ ವಿಮಾನ ನಿಲ್ದಾಣದ ಸುತ್ತಮುತ್ತ ಆದರೆ ಎತ್ತರದ ಎನ್‌ಒಸಿ, ಹೆದ್ದಾರಿ 66ರ ಬದಿ ಆದರೆ ರಸ್ತೆಯಿಂದ ಬಿಡಬೇಕಾದ ಅಂತರ. ಇವನ್ನು ನಿಮ್ಮ ಎಂಜಿನಿಯರ್ ನೋಡಿಕೊಳ್ಳುತ್ತಾರೆ.

ಗುಡ್ಡ, ಗದ್ದೆ, ಹೊಯಿಗೆ

ಅಡಿಪಾಯ ಹೇಗಿರಬೇಕು ಎಂಬುದು ಈ ಮೂರರಲ್ಲಿ ನಿಮ್ಮದು ಯಾವುದು ಎಂಬುದರ ಮೇಲೆ ಹೋಗುತ್ತದೆ.

ಗುಡ್ಡದ ಜಾಗ ಗಟ್ಟಿ ಎಂದು ಎಲ್ಲರ ನಂಬಿಕೆ. ಮೇಲಿನ ಮುರಕಲ್ಲಿನ (ಕೆಂಪುಕಲ್ಲಿನ) ಪದರ ಗಟ್ಟಿಯೇ. ಅದರ ಕೆಳಗೆ ಇರುವುದು ಶೇಡಿ ಮಣ್ಣು, ಬಿಳಿ, ಹಳದಿ, ಗುಲಾಬಿ ಬಣ್ಣದ್ದು. ಒಣಗಿದಾಗ ಗುದ್ದಲಿಗೂ ಬಗ್ಗುವುದಿಲ್ಲ. ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕಡಿದು ಸೈಟ್ ಸಮ ಮಾಡಿದರೆ ಈ ಪದರ ಬಯಲಾಗುತ್ತದೆ. ಮಳೆಗಾಲದಲ್ಲಿ ದರೆ (ಕಡಿದ ಗುಡ್ಡದ ಬದಿ) ಜರಿಯುವುದು ಹೆಚ್ಚಾಗಿ ಹೀಗೆ ಕಡಿದ ಕಡೆಯೇ. ದರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ತಡೆಗೋಡೆಯನ್ನು ಎಂಜಿನಿಯರ್ ಲೆಕ್ಕ ಹಾಕಿಯೇ ಕಟ್ಟಿಸಿ, ಗೋಡೆಯಲ್ಲಿ ನೀರು ಹೊರಬರಲು ಪೈಪ್ ಇಡಿಸಿ. ಗೋಡೆಯ ಹಿಂದೆ ಜಲ್ಲಿ ತುಂಬದೆ ಬರೀ ಮಣ್ಣು ತುಂಬಿದರೆ ಆ ಪೈಪ್ ಒಂದೇ ಮಳೆಗೆ ಕಟ್ಟಿಕೊಳ್ಳುತ್ತದೆ.

ಗದ್ದೆ ತುಂಬಿಸಿದ ಜಾಗ ಇನ್ನೂ ಮೋಸದ್ದು. ಮೇಲೆ ಕೆಂಪು ಮಣ್ಣು ಹಾಕಿ ರೋಲರ್ ಓಡಿಸಿದ್ದರೆ ಗದ್ದೆ ಇತ್ತೆಂದು ಗೊತ್ತೇ ಆಗುವುದಿಲ್ಲ. ಪಕ್ಕದ ಮನೆಯ ಹಿರಿಯರನ್ನು ಕೇಳಿ: "ಅಜ್ಜ, ಆಟಿ ತಿಂಗಳಲ್ಲಿ ನೀರು ಎಲ್ಲಿವರೆಗೆ ಬರ್ತಿತ್ತು?" ಅವರು ಕೈ ತೋರಿಸಿದ ಮಟ್ಟಕ್ಕಿಂತ ಮೇಲೆ ನಿಮ್ಮ ಪಂಚಾಂಗ (ಪಾಯದ ಮೇಲಿನ ಕಟ್ಟೆ, ಪ್ಲಿಂತ್) ಬರಲಿ. ತುಂಬಿಸಿದ ಮಣ್ಣಿನ ಮೇಲೆ ಪಾಯ ಕೂರಿಸಬೇಡಿ, ಅಡಿಯ ಗಟ್ಟಿ ನೆಲ ಸಿಗುವವರೆಗೆ ಇಳಿಯಿರಿ. ಬದಿಯಲ್ಲಿ ತೋಡು (ಸಣ್ಣ ಹಳ್ಳ) ಇದ್ದರೆ ಅದನ್ನು ಕಿರಿದು ಮಾಡಿ ಜಾಗ ಗಿಟ್ಟಿಸುವ ಆಸೆ ಬೇಡ. ಜೂನ್‌ನಲ್ಲಿ ನೀರು ತನ್ನ ಜಾಗ ಕೇಳಿಕೊಂಡು ಬರುತ್ತದೆ.

ಕಡಲ ಬದಿಯ ಹೊಯಿಗೆ (ಮರಳು) ನೆಲದಲ್ಲಿ ಸ್ವಲ್ಪ ತೋಡಿದರೂ ನೀರು ಸಿಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ. ಇಡೀ ಮನೆಯ ಖರ್ಚಿನಲ್ಲಿ ಅದು ಸಣ್ಣ ಪಾಲು.

ಲೈಸೆನ್ಸ್, ಗುತ್ತಿಗೆ

ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಪ್ಲಾನ್ ಮಾಡಿ ಆನ್‌ಲೈನ್‌ನಲ್ಲಿ ಹಾಕುತ್ತಾರೆ. ಐದು ಸೆಂಟ್ಸ್ ಅಂದರೆ 2178 ಚದರ ಅಡಿ. ಸೆಟ್‌ಬ್ಯಾಕ್ (ಸುತ್ತ ಖಾಲಿ ಬಿಡಬೇಕಾದ ಜಾಗ) ಬಿಟ್ಟರೆ ಉಳಿಯುವುದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಲೈಸೆನ್ಸ್ ಶುಲ್ಕದ ಜೊತೆ ಕಾರ್ಮಿಕ ಸೆಸ್ ಶೇ 1 ಕಟ್ಟಬೇಕು. ಸ್ವಂತ ವಾಸದ ಮನೆಗೆ 50 ಲಕ್ಷ ರೂಪಾಯಿವರೆಗೆ ಮಾತ್ರ ವಿನಾಯಿತಿ.

ಚದರ ಅಡಿ ಲೆಕ್ಕದ ಫುಲ್ ಕಾಂಟ್ರಾಕ್ಟ್ ಕೊಡುತ್ತೀರೋ, ಸಾಮಾನು ನೀವೇ ತಂದು ಕೂಲಿ ಗುತ್ತಿಗೆ ಕೊಡುತ್ತೀರೋ, ಅದು ನಿಮಗೆ ಸೈಟಿನಲ್ಲಿ ನಿಲ್ಲಲು ಎಷ್ಟು ಸಮಯ ಇದೆ ಎಂಬುದರ ಮೇಲೆ. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು ಕಟ್ಟಿಸುವವರು ಕೂಲಿ ಗುತ್ತಿಗೆ ಮಾಡಬೇಡಿ. ಯಾವುದೇ ಆದರೂ ಸಿಮೆಂಟ್ ಬ್ರ್ಯಾಂಡ್, ಕಬ್ಬಿಣದ ದರ್ಜೆ, ಕಾಂಕ್ರೀಟಿನ ಗ್ರೇಡ್ ಒಪ್ಪಂದದಲ್ಲಿ ಬರೆಯಿಸಿ. ಕೊನೆಯ ಕಂತು ಒಂದು ಮಳೆಗಾಲ ಕಳೆದ ಮೇಲೆ ಎಂಬ ಷರತ್ತನ್ನೂ ಸೇರಿಸಿ. ಕಾಂಟ್ರಾಕ್ಟರ್ ಮುಖ ಸ್ವಲ್ಪ ಸಪ್ಪಗಾಗಬಹುದು, ಆಗಲಿ.

ದೀಪಾವಳಿಯಿಂದ ಪತ್ತನಾಜೆವರೆಗೆ

ಕೆಸರುಕಲ್ಲು (ಶಂಕುಸ್ಥಾಪನೆ) ಹಾಕುವ ಮುಹೂರ್ತವನ್ನು ಭಟ್ಟರು ಹೇಳುತ್ತಾರೆ. ಕೆಲಸದ ಮುಹೂರ್ತ ಮಳೆ ಹೇಳುತ್ತದೆ. ದೀಪಾವಳಿ ಕಳೆದು ನೆಲ ಆರಿದ ಮೇಲೆ ಪಾಯ ತೋಡಿ, ಕ್ರಿಸ್‌ಮಸ್ ಹೊತ್ತಿಗೆ ಪಂಚಾಂಗ ಮುಗಿಸಿ, ದಾರಂದ (ಬಾಗಿಲ ಚೌಕಟ್ಟು) ಇಟ್ಟು ಗೋಡೆ ಏರಿಸಿ, ವಿಷುವಿನ ಆಸುಪಾಸಿಗೆ ಸ್ಲ್ಯಾಬ್ ಹಾಕಿದರೆ ಮೇ ಕೊನೆಯ ಪತ್ತನಾಜೆ ಹೊತ್ತಿಗೆ ತಲೆಯ ಮೇಲೆ ಸೂರು ಇರುತ್ತದೆ. ಜೂನ್‌ನಿಂದ ಒಳಗಿನ ವೈರಿಂಗ್, ಪ್ಲಂಬಿಂಗ್, ಒಳ ಪ್ಲಾಸ್ಟರಿಂಗ್ ನಿಧಾನಕ್ಕೆ ಮಾಡಬಹುದು. ಫೆಬ್ರವರಿಯಲ್ಲಿ ಕೆಸರುಕಲ್ಲು ಹಾಕಿ ಮೇ ಒಳಗೆ ಸ್ಲ್ಯಾಬ್ ಎಂದು ಹೊರಟರೆ ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವ) ದಿನಗಳನ್ನು ಕಡಿಯಬೇಕಾಗುತ್ತದೆ.

ಒಂದು ತೊಂದರೆ ಇದೆ. ಸ್ಲ್ಯಾಬಿಗೆ ನೀರು ಬೇಕಾಗುವುದು ಏಪ್ರಿಲ್‌ನಲ್ಲಿ, ಮಂಗಳೂರಿಗೆ ನೀರು ಕೊಡುವ ತುಂಬೆಯಲ್ಲೂ ಉಡುಪಿಗೆ ಕೊಡುವ ಬಜೆಯಲ್ಲೂ ನೀರು ತಳ ಕಾಣುವುದು ಅದೇ ಹೊತ್ತಿಗೆ. ಕಡಲ ಹತ್ತಿರದ ಬಾವಿಗಳು ಆಗ ಉಪ್ಪಾಗುತ್ತವೆ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಲ್ಯಾಬಿಗೆ ಒಂದು ಬಾಟಲಿ ಕೊಟ್ಟರೆ ಗೊತ್ತಾಗುತ್ತದೆ. ಟ್ಯಾಂಕರ್ ನೀರನ್ನೂ ಪರೀಕ್ಷೆ ಮಾಡಿಸಿ, ಅದು ಎಲ್ಲಿಯ ಬಾವಿಯದೋ.

ಕಾಂಕ್ರೀಟ್ ಹಾಕುವ ದಿನ

ಯಾವತ್ತು ರಜೆ ಹಾಕದಿದ್ದರೂ ಆ ದಿನ ಹಾಕಿ ಸೈಟಿನಲ್ಲಿರಿ.

ಕಡಲ ಗಾಳಿಯ ಉಪ್ಪು ಕಾಂಕ್ರೀಟಿನ ಸಣ್ಣ ರಂಧ್ರಗಳಿಂದ ನಿಧಾನವಾಗಿ ಒಳಗಿಳಿಯುತ್ತದೆ. ಕಬ್ಬಿಣ ಮುಟ್ಟಿದರೆ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಸೀಲಿಂಗಿನಿಂದ ಹಾಳೆ ಹಾಳೆಯಾಗಿ ಬೀಳುವುದು ಇದೇ ಕಾರಣಕ್ಕೆ. ಆದ್ದರಿಂದ ಕಬ್ಬಿಣದ ಹೊರಗಿನ ಕಾಂಕ್ರೀಟ್ ದಪ್ಪ, ಅಂದರೆ ಕವರ್, ಬಹಳ ಮುಖ್ಯ. ಕಡಲ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟಿಗೆ ಐಎಸ್ 456:2000 ಹೇಳುವುದು ಕನಿಷ್ಠ ಎಂ30 ಗ್ರೇಡ್, 45 ಮಿಲಿಮೀಟರ್ ಕವರ್, ಘನ ಮೀಟರಿಗೆ ಕನಿಷ್ಠ 320 ಕೆಜಿ ಸಿಮೆಂಟ್, ನೀರು-ಸಿಮೆಂಟ್ ಅನುಪಾತ 0.45ರ ಒಳಗೆ. ಅಂದರೆ 50 ಕೆಜಿಯ ಒಂದು ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರ್ ನೀರು, ಮರಳಿನಲ್ಲಿರುವ ಪಸೆಯೂ ಸೇರಿ.

ಈಗ ಸೈಟಿನಲ್ಲಿ ನಡೆಯುವುದನ್ನು ನೋಡಿ. ಕಬ್ಬಿಣ ಕಟ್ಟಿ ಮುಗಿದಿದೆ. ಬಾರ್‌ಬೆಂಡರ್ ಹುಡುಗ ಶೀಟಿನ ಮೇಲೆ ಬಿದ್ದಿದ್ದ ಕೆಂಪುಕಲ್ಲಿನ ಚೂರು ತೆಗೆದು ಕಂಬಿಯ ಅಡಿಗೆ ತೂರಿಸುತ್ತಾನೆ. ಇನ್ನೊಂದು ಕಡೆ ಟೈಲ್ಸ್ ಚೂರು, ಅದು ಹತ್ತು ಮಿಲಿಮೀಟರ್ ದಪ್ಪವೂ ಇಲ್ಲ. ಕೇಳಿದರೆ ಮೇಸ್ತ್ರಿ, "ಸರ್, ನಾವು ಎಷ್ಟು ಸ್ಲ್ಯಾಬ್ ಹಾಕಿಲ್ಲ" ಎನ್ನುತ್ತಾರೆ. ಕೆಂಪುಕಲ್ಲಿನ ಚೂರು ನೀರು ಹೀರುತ್ತದೆ. ಅದು ಕಂಬಿಗೆ ತಾಗಿ ಕೂತರೆ ಪಸೆಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಬೇಕಾದ ದಪ್ಪದ ಕಾಂಕ್ರೀಟ್ ಕವರ್ ಬ್ಲಾಕ್ ಮೊದಲೇ ತರಿಸಿ ಇಟ್ಟುಕೊಳ್ಳಿ. ಕಾಂಕ್ರೀಟ್ ಶುರುವಾಗುವ ಮೊದಲು ಟೇಪ್ ಹಿಡಿದು ಒಂದು ಸುತ್ತು ಹಾಕಿ. ಬೀಮ್‌ನ ಬದಿ, ಸನ್‌ಶೇಡ್‌ನ ತುದಿ, ಇವೆರಡನ್ನು ಯಾರೂ ನೋಡುವುದಿಲ್ಲ, ನೀವು ನೋಡಿ.

ಎಂ30ನ್ನು ಬುಟ್ಟಿ ಲೆಕ್ಕದಲ್ಲಿ ಕಲಸಲು ಆಗುವುದಿಲ್ಲ. ದಾರಿ ಇದ್ದರೆ ರೆಡಿಮಿಕ್ಸ್ ತರಿಸುವುದೇ ಒಳ್ಳೆಯದು. ಗಾಡಿ ಬಂದ ಮೇಲೆ "ಸ್ವಲ್ಪ ನೀರು ಬಿಡಿ, ಸಲೀಸಾಗಿ ಹೋಗ್ತದೆ" ಎನ್ನುವವರು ಇರುತ್ತಾರೆ. ಬಿಡಬೇಡಿ. ಮರಳು ಅಳಿವೆ ಹತ್ತಿರದ್ದಾದರೆ ಉಪ್ಪಿರುತ್ತದೆ, ಪ್ಲಾಸ್ಟರಿಂಗಿಗೂ ಬೇಡ.

ಮರುದಿನದಿಂದ ನೀರು ಕಟ್ಟಿ ನಿಲ್ಲಿಸಿ. ಹಾರುಬೂದಿ, ಸ್ಲ್ಯಾಗ್ ಬೆರೆಸಿದ ಪಿಪಿಸಿ, ಪಿಎಸ್‌ಸಿ ಥರದ ಸಿಮೆಂಟ್ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಲ ಬರುವುದು ನಿಧಾನ. ಅದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, ಬಿಸಿಲಿಗೆ ಇನ್ನೂ ಜಾಸ್ತಿ.

ಕಲ್ಲು, ಮಾಡು, ಪಶ್ಚಿಮದ ಗೋಡೆ

ಕೆಂಪುಕಲ್ಲಿಗೆ ನಮ್ಮಲ್ಲಿ ಸಾಟಿ ಇಲ್ಲ. ಆದರೆ ಒಂದೊಂದು ಕೋರೆಯದು ಒಂದೊಂದು ಥರ. ಲಾರಿಯಿಂದ ಇಳಿಸುವಾಗ ಒಂದು ಕಲ್ಲಿಗೆ ಸುತ್ತಿಗೆಯಿಂದ ತಟ್ಟಿ. ಠಣ್ ಎಂದರೆ ಸರಿ, ಬೊದ್ದು ಸದ್ದು ಬಂದರೆ ಮೆದು. ಬಿಳಿ ಜೇಡಿಯ ಗುಳಿ ಜಾಸ್ತಿ ಇರುವ ಕಲ್ಲನ್ನು ಹಿಂದಕ್ಕೆ ಕಳಿಸಿ. ಒಳ್ಳೆಯ ಕಲ್ಲು ತನ್ನ ತೂಕದ ಶೇ 12ಕ್ಕಿಂತ ಜಾಸ್ತಿ ನೀರು ಕುಡಿಯಬಾರದು ಎಂಬುದು ಐಎಸ್ 3620ರ ಮಾನದಂಡ. ಕೋರೆಯಿಂದ ಹಸಿಯಾಗಿ ಬಂದ ಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ, ಆದ್ದರಿಂದ ಕೆಲವು ವಾರ ಮೊದಲೇ ತರಿಸಿ ಪೇರಿಸಿಡಿ.

ಮಳೆ ಬಡಿಯುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆ ಬದಿಗೆ ದೊಡ್ಡ ಗಾಜಿನ ಕಿಟಕಿ ಇಟ್ಟು ಸನ್‌ಶೇಡ್ ಒಂದೂವರೆ ಅಡಿ ಹಾಕಿದರೆ ಜುಲೈನಲ್ಲಿ ಹಾಸಿಗೆ ಎಳೆದುಕೊಂಡು ಮಲಗಬೇಕು. ಎರಡೂವರೆ ಅಡಿ ಇರಲಿ, ಅಡಿಯಲ್ಲಿ ನೀರು ತುಂಡಾಗಿ ಬೀಳುವ ಗೀರು ಇರಲಿ. ಚಪ್ಪಟೆ ತಾರಸಿಯ ಮೇಲೆ ಹೇಗೂ ಮುಂದಿನ ವರ್ಷ ಶೀಟ್ ಹಾಕಿಸುತ್ತೀರಿ, ನಮ್ಮ ಊರಲ್ಲಿ ಹಾಕಿಸದವರು ಕಮ್ಮಿ. ಹಾಗಾದರೆ ಈಗಲೇ ಪ್ಲಾನಿನಲ್ಲಿ ಸೇರಿಸಿ, ಕಂಬ ಎಲ್ಲಿ ಕೂರಬೇಕೋ ಅಲ್ಲಿ ಬೋಲ್ಟ್ ಬಿಡಿಸಿ. ಗಾಳಿಗೆ ಶೀಟ್ ಮೇಲಕ್ಕೆ ಹಾರುತ್ತದೆ. ಮಂಗಳೂರಿಗೆ ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ನನ್ನನ್ನು ಕೇಳಿದರೆ ಇಳಿಜಾರು ಮಾಡಿಗೆ (ಛಾವಣಿಗೆ) ಹೆಂಚು ಹಾಕುವುದೇ ಚಂದ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರು ಮಾಡಿದ ಊರಿದು.

ರೇಲಿಂಗಿಗೆ ಸ್ಟೀಲೇ ಬೇಕಾದರೆ 316 ದರ್ಜೆ ಕೇಳಿ. 304 ಕಡಲ ಬದಿಯಲ್ಲಿ ಕಂದು ಚುಕ್ಕೆ ಹಿಡಿಯುತ್ತದೆ. ಕಿಟಕಿಗೆ ಯುಪಿವಿಸಿ ಅಡ್ಡಿಯಿಲ್ಲ. ದಾರಂದದ ಮರ ಒರಲೆ (ಗೆದ್ದಲು) ಹಿಡಿಯದ್ದಾಗಿರಲಿ, ಪಂಚಾಂಗದ ಹಂತದಲ್ಲೇ ಒರಲೆ ಮದ್ದು ಹೊಡೆಸಿ.

ಬಾವಿ, ಗುಂಡಿ, ಡೋರ್ ನಂಬರ್

ಒಳಚರಂಡಿ ಎಲ್ಲ ಕಡೆ ಬಂದಿಲ್ಲ. ಟಾಯ್ಲೆಟ್‌ನ ಇಂಗು ಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಬೇಕು ಎಂದು ಐಎಸ್ 2470 ಹೇಳುತ್ತದೆ. ಐದು ಸೆಂಟ್ಸ್‌ನಲ್ಲಿ ಅಷ್ಟು ದೂರ ಸಿಗುವುದೇ ಕಷ್ಟ, ಅದರ ಮೇಲೆ ಪಕ್ಕದವರ ಬಾವಿಯನ್ನೂ ಲೆಕ್ಕ ಹಾಕಬೇಕು. ಮುರಕಲ್ಲಿನಲ್ಲಿ, ಹೊಯಿಗೆಯಲ್ಲಿ ಕೊಳೆನೀರು ಬೇಗ ಹರಡುತ್ತದೆ. ಆದ್ದರಿಂದ ಪ್ಲಾನ್ ಬರೆಯುವ ಮೊದಲೇ ಬಾವಿ ಮತ್ತು ಗುಂಡಿಯ ಜಾಗ ಗುರುತಿಸಿ, ಮನೆಯನ್ನು ಅದಕ್ಕೆ ಹೊಂದಿಸಿ. ಮಾಡಿನ ನೀರನ್ನು ಸೋಸಿ ಬಾವಿಗೆ ಬಿಟ್ಟರೆ ಬೇಸಿಗೆಯಲ್ಲಿ ಉಪ್ಪು ಏರುವುದು ಸ್ವಲ್ಪ ತಡೆಯುತ್ತದೆ.

ಒಕ್ಕಲು (ಗೃಹಪ್ರವೇಶ) ಆಗಿ ನೆಂಟರು ಹೋದ ಮೇಲೆ ಕಾಗದದ ಕೆಲಸ ಇನ್ನೊಂದಿಷ್ಟು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನ ನಂತರ ಕಂಪ್ಲೀಷನ್ ಸರ್ಟಿಫಿಕೇಟ್ ಇಲ್ಲದ ಮನೆಗೆ ಕರೆಂಟ್, ನೀರಿನ ಕಾಯಂ ಸಂಪರ್ಕ ಸಿಗುವುದು ಕಷ್ಟವಾಗಿದೆ. ಲೈಸೆನ್ಸ್ ಪ್ಲಾನಿಗಿಂತ ಒಂದು ರೂಮ್ ಹೊರಗೆ ತಳ್ಳಿದ್ದರೆ ಸಿಕ್ಕಿಬೀಳುವುದು ಇಲ್ಲೇ. ಸರ್ಟಿಫಿಕೇಟ್ ಆದ ಮೇಲೆ ಡೋರ್ ನಂಬರ್, ತೆರಿಗೆ, ಮೆಸ್ಕಾಂನ ಕಾಯಂ ಮೀಟರ್. ಕಟ್ಟುವಾಗ ಪಡೆದ ತಾತ್ಕಾಲಿಕ ಸಂಪರ್ಕದ ಠೇವಣಿ ವಾಪಸ್ ಕೇಳಲು ಮರೆಯಬೇಡಿ, ರಸೀದಿ ಹುಡುಕಿಡಿ.