ವಿಡಿಯೋ ಫೈಲ್ ಸಣ್ಣದಾಗ್ಬೇಕಾ? ಮೊದ್ಲು ಮೋಷನ್ ಸೆಟಿಂಗ್ ನೋಡಿ

ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದು) ಇಳಿಸೋಕ್ ಮುಂಚೆ ಇದನ್ನ ಟ್ರೈ ಮಾಡಿ. ಎನ್‌ಕೋಡರ್ (ವಿಡಿಯೋ ಕುಗ್ಗಿಸೋ ಪ್ರೋಗ್ರಾಂ) ಪ್ರತಿ ಫ್ರೇಮನ್ನೂ ಪೂರ್ತಿ ಬರೆಯಲ್ಲ, ಹಿಂದಿನ ಫ್ರೇಮಲ್ಲಿ ಇದೇ ಬ್ಲಾಕ್ (ಚಿತ್ರದ ಪುಟ್ಟ ಚೌಕ) ಎಲ್ಲಿತ್ತು ಅಂತ ಹುಡುಕಿ, ಎಷ್ಟು ಸರೀತು ಅನ್ನೋದು ಪ್ಲಸ್ ಉಳಿದ ವ್ಯತ್ಯಾಸ, ಇಷ್ಟೇ ಬರೆಯೋದು, ಹಾಗಾಗಿ ಹುಡುಕಾಟ ಸೋತ್ರೆ ಫೈಲ್ ಊದ್ಕೊಳ್ಳುತ್ತೆ.

ಎಕ್ಸ್264 ಅನ್ನೋ ಎನ್‌ಕೋಡರಲ್ಲಿ ಡೀಫಾಲ್ಟ್ ಹುಡುಕಾಟ 'ಹೆಕ್ಸ್', ರೇಂಜ್ (ಎಷ್ಟು ದೂರ ಹುಡುಕಬೇಕು ಅನ್ನೋದು) 16 ಪಿಕ್ಸೆಲ್. ಈಗ ಒಂದು ಚೆಂಡು ಫ್ರೇಮಿಂದ ಫ್ರೇಮಿಗೆ 30 ಪಿಕ್ಸೆಲ್ ಹಾರ್ತಿದೆ ಅನ್ಕೊಳ್ಳಿ. ಹುಡುಕಾಟ ಶುರುವಾಗೋದು ಅಕ್ಕಪಕ್ಕದ ಬ್ಲಾಕ್‌ಗಳ ಚಲನೆ ನೋಡಿ, ಅಲ್ಲಿರೋದು ಅಲ್ಲಾಡದ ಗೋಡೆ, ಅಂದ್ಮೇಲೆ ಚೆಂಡು ಸಿಗೋದು ಡೌಟೇ. ಇಂಥ ಕಡೆ ಇನ್ನೂ ಅಗಲವಾಗಿ ಹುಡುಕೋ 'ಯುಎಂಎಚ್' ಹಾಕಿ, ರೇಂಜ್ 32ಕ್ಕೆ ಏರಿಸಿ. ಸಬ್‌ಎಂಇ (ಹುಡುಕಾಟ ಎಷ್ಟು ಸೂಕ್ಷ್ಮ ಅನ್ನೋ ಸೆಟಿಂಗ್) 7 ಇದ್ದಿದ್ದನ್ನ 9 ಮಾಡಿ, ಕಾಲು ಪಿಕ್ಸೆಲ್ ಮಟ್ಟದ ಲೆಕ್ಕ ಇನ್ನೂ ನೀಟಾಗುತ್ತೆ. ರೆಫರೆನ್ಸ್ ಫ್ರೇಮ್ (ಹೋಲಿಸಿ ನೋಡೋಕೆ ಎಷ್ಟು ಫ್ರೇಮ್ ಅನ್ನೋದು) 3 ಇದ್ದಿದ್ದನ್ನ 5 ಮಾಡಿದ್ರೆ ಸಾಕು. 'ಈಸಾ' ಅಂತ ಒಂದಿದೆ, ರೇಂಜ್ ಒಳಗಿನ ಎಲ್ಲಾ ಜಾಗನೂ ತಡಕಾಡುತ್ತೆ, ಕಾಯೋ ಟೈಮಿಗೆ ಸಿಗೋ ಲಾಭ ಚಿಲ್ಲರೆ, ನಾನಂತೂ ಮುಟ್ಟಲ್ಲ.

ಕತ್ತಲಲ್ಲಿ ತೆಗೆದ ವಿಡಿಯೋ ಆದ್ರೆ ಮೊದ್ಲು ಲೈಟಾಗಿ ಡಿನಾಯ್ಸ್ ಮಾಡಿ, ಗ್ರೇನ್ (ಮರಳಿನಂಥ ಚುಕ್ಕಿ) ಪ್ರತಿ ಫ್ರೇಮಲ್ಲೂ ಬೇರೆನೇ ಇರೋದ್ರಿಂದ ಯಾವ ಹುಡುಕಾಟಕ್ಕೂ ಸಿಕ್ಕಲ್ಲ. ಹೋಲಿಸೋವಾಗ ಬಿಟ್‌ರೇಟ್ ಒಂದೇ ಇಟ್ಟು ಎಸ್‌ಎಸ್‌ಐಎಂ (ಮೂಲ ಚಿತ್ರಕ್ಕೆ ಎಷ್ಟು ಹತ್ತಿರ ಅನ್ನೋ ಅಂಕ) ನೋಡಿ, ಬರೀ ಫೈಲ್ ಸೈಜ್ ನೋಡಿದ್ರೆ ಮೋಸ ಹೋಗ್ತೀರ.